ವಾಟರ್ ಬ್ಲಾಕ್ ಕೊಳ್ಳುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಕಂಪ್ಯೂಟರಿಗೆ ಕಸ್ಟಮ್ ವಾಟರ್ ಕೂಲಿಂಗ್ ಮಾಡಿಸಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ: "ಯಾವ ಕಂಪನಿ ಬ್ಲಾಕ್ ಒಳ್ಳೇದು?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬ್ಲಾಕ್ ಅಂದರೆ ಬಿಸಿಯಾಗುವ ಚಿಪ್ ಮೇಲೆ ಕೂತು, ಅದರ ಶಾಖವನ್ನು ಒಳಗೆ ಹರಿಯುವ ನೀರಿಗೆ ದಾಟಿಸುವ ಭಾಗ. ಯಾವ ಭಾಗಕ್ಕೆ ಬ್ಲಾಕ್ ಬೇಕು, ನಿಮ್ಮ ಬೋರ್ಡಿನ ಮೇಲೆ ಅದು ಕೂರುತ್ತದೆಯೇ, ಯಾವ ಲೋಹದ್ದು ಎಂಬುದು ಮೊದಲು ಇತ್ಯರ್ಥವಾಗಲಿ. ಕೆಳಗಿನ ಉತ್ತರಗಳೂ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿವೆ.

ವಾಟರ್ ಬ್ಲಾಕ್ ಒಳಗೆ ಏನಿರುತ್ತದೆ?

ಬಿಚ್ಚಿ ನೋಡಿದರೆ ಮೂರೇ ಮುಖ್ಯ ಭಾಗ. ಕೆಳಗೆ ತಾಮ್ರದ ತಟ್ಟೆ. ಅದರ ಒಳಮೈಯಲ್ಲಿ ಕೂದಲೆಳೆಯಂಥ ಸಂದು ಬಿಟ್ಟು ಕೊರೆದ ಹತ್ತಾರು ತೆಳು ಗೋಡೆಗಳು, ಅಂದರೆ ಫಿನ್‌ಗಳು. ಅದರ ಮೇಲೆ ನಡುವೆ ಸೀಳು ಇರುವ ಒಂದು ತೆಳು ಹಾಳೆ. ಜೆಟ್ ಪ್ಲೇಟ್ ಅನ್ನುತ್ತಾರೆ. ಒಳಗೆ ಬಂದ ನೀರು ಆ ಸೀಳಿನಿಂದ ರಭಸವಾಗಿ ಫಿನ್‌ಗಳ ನಡುಮಧ್ಯಕ್ಕೆ ನುಗ್ಗಿ, ಎರಡೂ ಕಡೆಗೆ ಹರಿದು ಹೊರಗೆ ಹೋಗುತ್ತದೆ. ಎಲ್ಲದರ ಮೇಲೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಮುಚ್ಚಳ, ನಡುವೆ ನೀರು ತಡೆಯಲು ಒಂದು ಓ-ರಿಂಗ್. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಒಳಗಿನ ಕಥೆ ಇಷ್ಟೇ.

ಸಿಪಿಯು ಬ್ಲಾಕ್‌ನಲ್ಲಿ "ಇನ್" ಮತ್ತು "ಔಟ್" ಅದಲುಬದಲು ಮಾಡಬಾರದು ಅನ್ನುವುದು ಈ ಜೆಟ್ ಪ್ಲೇಟಿನಿಂದಾಗಿಯೇ. ತಿರುಗಿಸಿ ಹಾಕಿದರೂ ಕೆಲಸ ಮಾಡುತ್ತದೆ, ಆದರೆ ಕೆಲವು ಡಿಗ್ರಿ ಸುಮ್ಮನೆ ಕೈಬಿಟ್ಟ ಹಾಗೆ.

ನನಗೆ ನಿಜಕ್ಕೂ ಕಸ್ಟಮ್ ಬ್ಲಾಕ್ ಬೇಕೇ? ಎಐಒ ಸಾಲದೇ?

ಎಲ್ಲ ಭಾಗ ಜೋಡಿಸಿಯೇ ಬರುವ ಸಿದ್ಧ ವಾಟರ್ ಕೂಲರ್, ಅಂದರೆ ಎಐಒ, ಬಹುಪಾಲು ಜನರಿಗೆ ಸಾಕು. ರೈಜೆನ್ 5 7600 ಥರದ 65 ವ್ಯಾಟ್ ಪ್ರೊಸೆಸರಿಗೆ ಎಐಒ ಕೂಡ ಬೇಡ, ಒಳ್ಳೆಯ ಏರ್ ಕೂಲರ್ ಸಾಕು. ಕೋರ್ ಐ9 14900ಕೆ ಗರಿಷ್ಠ ಟರ್ಬೊದಲ್ಲಿ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೂ 360 ಮಿ.ಮೀ. ಎಐಒ ಹಾಕಿ ದಿನ ದೂಡುವವರು ಬಹಳ ಮಂದಿ. ಕಸ್ಟಮ್ ಲೂಪ್‌ಗೆ (ಪಂಪ್, ಬ್ಲಾಕ್, ರೇಡಿಯೇಟರ್, ಟ್ಯೂಬ್ ಬಿಡಿಬಿಡಿಯಾಗಿ ತಂದು ಜೋಡಿಸಿದ ನೀರಿನ ಸುತ್ತು) ಅರ್ಥ ಬರುವುದು ಗ್ರಾಫಿಕ್ಸ್ ಕಾರ್ಡನ್ನೂ ಅದಕ್ಕೆ ಸೇರಿಸಿದಾಗ. ನೋಡಲು ಚೆಂದ ಅನ್ನುವ ಒಂದೇ ಕಾರಣಕ್ಕೆ ಮಾಡಿಸುವುದೂ ತಪ್ಪೇನಲ್ಲ. ಹವ್ಯಾಸಕ್ಕೆ ಲೆಕ್ಕ ಕೇಳುವವರು ಯಾರು?

ಒಂದೇ ಬ್ಲಾಕ್‌ಗೆ ದುಡ್ಡಿದೆ. ಸಿಪಿಯುಗೆ ಹಾಕಲೋ, ಜಿಪಿಯುಗೆ ಹಾಕಲೋ?

ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ. ಎಲ್ಲರೂ ಸಿಪಿಯುನಿಂದ ಶುರುಮಾಡುತ್ತಾರೆ, ಯಾಕೆಂದರೆ ಅದರ ಬ್ಲಾಕ್ ಅಗ್ಗ, ಕೂರಿಸುವುದೂ ಸುಲಭ. ಆದರೆ ಲಾಭ ಇರುವುದು ಇನ್ನೊಂದು ಕಡೆ.

ಕಾರಣ ಚಿಪ್‌ನ ಅಳತೆಯಲ್ಲಿದೆ. ಆರ್‌ಟಿಎಕ್ಸ್ 4090ರ ಚಿಪ್ ಸುಮಾರು 609 ಚದರ ಮಿ.ಮೀ. 450 ವ್ಯಾಟ್ ಶಾಖ ಅಷ್ಟಗಲ ಹರಡಿಕೊಂಡಿರುತ್ತದೆ, ಮೇಲೆ ಲೋಹದ ಮುಚ್ಚಳವೂ ಇಲ್ಲ, ಬ್ಲಾಕ್ ನೇರವಾಗಿ ಚಿಪ್ಪಿಗೇ ತಾಗುತ್ತದೆ. ರೈಜೆನ್ 7000 ಸರಣಿಯಲ್ಲಿ ಕೋರ್‌ಗಳಿರುವ ತುಣುಕು ಸುಮಾರು 71 ಚದರ ಮಿ.ಮೀ. ಮಾತ್ರ. ಅದರ ಮೇಲೆ ದಪ್ಪನೆಯ ಮುಚ್ಚಳ ಬೇರೆ. ಹಿಂದಿನ ಎಎಂ4 ಸಾಕೆಟ್ ಕಾಲದ ಕೂಲರ್‌ಗಳ ಎತ್ತರಕ್ಕೆ ಹೊಂದಲಿ ಎಂದು ಎಎಂಡಿ ಅದನ್ನು ದಪ್ಪ ಮಾಡಿತು. ಶಾಖ ಆ ಮುಚ್ಚಳ ದಾಟಿ ಬರುವಷ್ಟರಲ್ಲೇ ಸುಸ್ತು. ನೀವು ಎಂಥ ಬ್ಲಾಕ್ ಹಾಕಿದರೂ ರೈಜೆನ್ 9 7950ಎಕ್ಸ್ ಪೂರ್ತಿ ಹೊರೆಯಲ್ಲಿ 95 ಡಿಗ್ರಿಯತ್ತ ಓಡಲು ನೋಡುತ್ತದೆ. ಅದು ಕೆಟ್ಟಿಲ್ಲ, ಅದನ್ನು ಹಾಗೇ ಮಾಡಿದ್ದಾರೆ.

ಜಿಪಿಯುನಲ್ಲಿ ಹಾಗಲ್ಲ. ಗಾಳಿಯಲ್ಲಿ 70-75 ಡಿಗ್ರಿ ತೋರಿಸುವ ಕಾರ್ಡ್ ಒಳ್ಳೆಯ ಲೂಪ್‌ಗೆ ಬಂದರೆ ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಫ್ಯಾನಿನ ಬೊಬ್ಬೆಯೂ ಹೋಗುತ್ತದೆ. ಆ ಮೌನಕ್ಕೇ ಅರ್ಧ ದುಡ್ಡು ಕೊಡಬಹುದು.

ಜಿಪಿಯು ಬ್ಲಾಕ್ ಆರಿಸುವಾಗ ಏನು ನೋಡಬೇಕು?

"ನನ್ನ ಹತ್ತಿರ 4080 ಇದೆ, 4080 ಬ್ಲಾಕ್ ಕೊಡಿ" ಅಂದರೆ ಆಗುವುದಿಲ್ಲ. ಅಳತೆ ಕೊಡದೆ ಬ್ಲೌಸ್ ಹೊಲಿಯಲು ಹಾಕಿದ ಹಾಗೆ ಅದು. ಫುಲ್ ಕವರ್ ಬ್ಲಾಕ್ ಅಂದರೆ ಚಿಪ್, ಮೆಮೊರಿ, ವಿಆರ್‌ಎಂ (ಚಿಪ್‌ಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೂರನ್ನೂ ಒಟ್ಟಿಗೆ ಮುಚ್ಚುವ ತಟ್ಟೆ. ಅದು ಕಾರ್ಡಿನ ಪಿಸಿಬಿಯ (ಚಿಪ್‌ಗಳು ಕೂತಿರುವ ಹಲಗೆಯ) ಮೇಲೆ ಪ್ರತಿ ಕೆಪಾಸಿಟರ್, ಪ್ರತಿ ಸ್ಕ್ರೂ ತೂತಿನ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎನ್ವಿಡಿಯಾ ತಾನೇ ಮಾರುವ ಫೌಂಡರ್ಸ್ ಎಡಿಷನ್ ಪಿಸಿಬಿ ಬೇರೆ, ಏಸುಸ್ ಸ್ಟ್ರಿಕ್ಸ್ ಬೇರೆ, ಗಿಗಾಬೈಟ್ ಗೇಮಿಂಗ್ ಬೇರೆ. ಒಂದೇ ಹೆಸರಿನ ಕಾರ್ಡಿಗೂ ಮುಂದಿನ ಖೇಪಿನಲ್ಲಿ ಪಿಸಿಬಿ ಬದಲಾಗಿರುವುದು ಉಂಟು.

ಹಾಗಾಗಿ ಕಾರ್ಡಿನ ಹಿಂಬದಿ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾಡೆಲ್ ನಂಬರ್, ರಿವಿಷನ್ ಸಮೇತ ಬರೆದುಕೊಳ್ಳಿ. ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ. ಆಲ್ಫಾಕೂಲ್, ಇ.ಕೆ. (EK), ಬೈಕ್ಸ್‌ಕಿ ಮೂರೂ ಕಂಪನಿಯವರು ಇಂಥ ಪಟ್ಟಿ ಇಟ್ಟಿದ್ದಾರೆ. ಅನುಮಾನ ಇದ್ದರೆ ಪಿಸಿಬಿಯ ಫೋಟೊ ಹುಡುಕಿ, ವಿಆರ್‌ಎಂ ಸಾಲು ಮತ್ತು ಪವರ್ ಕನೆಕ್ಟರ್ ಎಲ್ಲಿವೆ ಎಂದು ಬ್ಲಾಕ್‌ನ ಒಳಮೈ ಫೋಟೊದ ಜೊತೆ ಇಟ್ಟು ನೋಡಿ. ಈ ಕೆಲಸಕ್ಕೆ ಒಂದು ಸಂಜೆ ಹೋದರೂ ಪರವಾಗಿಲ್ಲ.

ಇನ್ನೂ ಕಾರ್ಡ್ ಕೊಂಡಿಲ್ಲ ಅಂದರೆ ಉಲ್ಟಾ ದಾರಿ ಹಿಡಿಯಿರಿ: ಮೊದಲು ಬ್ಲಾಕ್ ಯಾವ ಕಾರ್ಡಿಗೆ ಸಿಗುತ್ತದೆ ನೋಡಿ, ಆಮೇಲೆ ಆ ಕಾರ್ಡ್ ತೆಗೆದುಕೊಳ್ಳಿ.

ಥರ್ಮಲ್ ಪ್ಯಾಡ್, ಅಂದರೆ ಶಾಖ ದಾಟಿಸುವ ಮೆತ್ತನೆಯ ಹಾಳೆಯ ವಿಷಯ ಒಂದು ಉಳಿಯಿತು. ಬ್ಲಾಕ್ ಜೊತೆ ಬೇರೆ ಬೇರೆ ದಪ್ಪದ ಪ್ಯಾಡ್ ಬರುತ್ತವೆ. ಮೆಮೊರಿಗೆ ಹೇಳಿದ ಕಡೆ ಒಂದು ಮಿ.ಮೀ. ಬದಲು ಒಂದೂವರೆ ಇಟ್ಟರೆ ಬ್ಲಾಕ್ ಆ ಪ್ಯಾಡುಗಳ ಮೇಲೆ ಕೂತು, ಚಿಪ್ಪಿಗೆ ಸರಿಯಾಗಿ ತಾಗುವುದೇ ಇಲ್ಲ. ಕೂರಿಸಿದ ಮೇಲೆ ಕೋರ್ ತಾಪಮಾನ ಕಡಿಮೆ ಇದ್ದು, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಬಿಂದು) ಅದಕ್ಕಿಂತ 20 ಡಿಗ್ರಿಗೂ ಹೆಚ್ಚು ಮೇಲೆ ಹೋಗುತ್ತಿದ್ದರೆ ಮೊದಲ ಅನುಮಾನ ಪ್ಯಾಡ್ ಮೇಲೆ, ಎರಡನೆಯದು ಸ್ಕ್ರೂ ಬಿಗಿತದ ಮೇಲೆ. ಆರ್‌ಟಿಎಕ್ಸ್ 3090 ಇದ್ದವರು ಬ್ಯಾಕ್‌ಪ್ಲೇಟ್ ಕಡೆಗೂ ಗಮನ ಕೊಡಿ. ಆ ಕಾರ್ಡಿನ ಅರ್ಧ ಮೆಮೊರಿ ಚಿಪ್‌ಗಳು ಹಿಂಬದಿಯಲ್ಲಿವೆ, ಮುಂದಿನ ಬ್ಲಾಕ್ ಅವನ್ನು ಮುಟ್ಟುವುದೇ ಇಲ್ಲ.

ಯೂನಿವರ್ಸಲ್ ಜಿಪಿಯು ಬ್ಲಾಕ್ ತಗೊಂಡರೆ ಮುಂದಿನ ಕಾರ್ಡಿಗೂ ಬರುತ್ತಲ್ಲ?

ಬರಬಹುದು, ತೂತುಗಳ ಅಂತರ ಹೊಂದಿದರೆ. ಆದರೆ ಅದು ಚಿಪ್ಪನ್ನು ಮಾತ್ರ ತಣ್ಣಗಿಡುತ್ತದೆ. ಮೆಮೊರಿ, ವಿಆರ್‌ಎಂ ಮೇಲೆ ಪುಟ್ಟ ಹೀಟ್‌ಸಿಂಕ್ ಅಂಟಿಸಿ, ಫ್ಯಾನ್ ಗಾಳಿ ಹಾಯಿಸಬೇಕು. ಹಳೆಯ 150 ವ್ಯಾಟ್ ಕಾರ್ಡಿಗೆ ಸರಿ. 300 ವ್ಯಾಟ್ ಮೇಲ್ಪಟ್ಟ, ಬಿಸಿ ಜಿಡಿಡಿಆರ್6ಎಕ್ಸ್ ಮೆಮೊರಿ ಇರುವ ಕಾರ್ಡಿಗೆ ನಾನಂತೂ ಹೇಳುವುದಿಲ್ಲ.

ಸಿಪಿಯು ಬ್ಲಾಕ್‌ಗೆ ಸಾಕೆಟ್ ಹೇಗೆ ಹೊಂದಿಸುವುದು?

ಸಾಕೆಟ್ ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ. ಇಲ್ಲಿ ತಲೆನೋವು ಕಡಿಮೆ, ಯಾಕೆಂದರೆ ಬದಲಾಗುವುದು ಬರೀ ಬ್ರಾಕೆಟ್. ಇಂಟೆಲ್‌ನಲ್ಲಿ ಎಲ್‌ಜಿಎ 1200 ಮತ್ತು ಅದಕ್ಕೂ ಹಳೆಯ 115ಎಕ್ಸ್ ಬೋರ್ಡುಗಳಲ್ಲಿ ತೂತುಗಳ ಅಂತರ 75 ಮಿ.ಮೀ. 2021ರಲ್ಲಿ ಬಂದ ಎಲ್‌ಜಿಎ 1700ರಲ್ಲಿ ಅದು 78 ಆಯಿತು. 2024ರ ಎಲ್‌ಜಿಎ 1851 ಕೂಡ 78ನ್ನೇ ಉಳಿಸಿಕೊಂಡಿರುವುದರಿಂದ 1700ರ ಬ್ರಾಕೆಟ್ ಅದಕ್ಕೆ ನಡೆಯುತ್ತದೆ. ಹಳೆಯ ಬ್ಲಾಕ್ ಇದ್ದರೆ ಎಸೆಯಬೇಡಿ, ಹೊಸ ಬ್ರಾಕೆಟ್ ಮಾತ್ರ ಸಿಗುತ್ತದೆಯೇ ವಿಚಾರಿಸಿ.

ಎಎಂಡಿಯಲ್ಲಿ ಎಎಂ4, ಎಎಂ5 ತೂತುಗಳು ಒಂದೇ ಕಡೆ ಇವೆ. ಒಂದೇ ತೊಡಕು: ಎಎಂ5 ಬೋರ್ಡಿನ ಹಿಂದಿನ ಪ್ಲೇಟ್ ಸಾಕೆಟ್ಟಿನದೇ ಭಾಗ, ತೆಗೆಯುವಂತಿಲ್ಲ. ತನ್ನದೇ ಬ್ಯಾಕ್‌ಪ್ಲೇಟ್ ಬೇಕು ಅನ್ನುವ ಎಎಂ4 ಬ್ಲಾಕ್ ಅಲ್ಲಿ ಕೂರುವುದಿಲ್ಲ. ರೈಜೆನ್ 7000, 9000ದಲ್ಲಿ ಬಿಸಿ ತುಣುಕುಗಳು ನಡುವಿನಲ್ಲಿಲ್ಲ, ಒಂದು ಬದಿಗೆ ಸರಿದಿವೆ. ಅದಕ್ಕೆ ಬ್ಲಾಕನ್ನು ಕೆಲವು ಮಿಲಿಮೀಟರ್ ಆ ಕಡೆಗೆ ಸರಿಸಿ ಕೂರಿಸುವ ಆಫ್‌ಸೆಟ್ ಬ್ರಾಕೆಟ್ ಬರುತ್ತದೆ. ಇದ್ದರೆ ಬಳಸಿ, ಖರ್ಚಿಲ್ಲದೆ ಒಂದೆರಡು ಡಿಗ್ರಿ ಸಿಗುತ್ತದೆ.

ಎಲ್‌ಜಿಎ 1700ರವರಿಗೆ ಇನ್ನೊಂದು ಮಾತು: ಆ ಸಾಕೆಟ್ಟಿನ ಕೊಂಡಿ ಪ್ರೊಸೆಸರಿನ ನಡುವನ್ನಷ್ಟೇ ಒತ್ತುವುದರಿಂದ ಮುಚ್ಚಳ ಸ್ವಲ್ಪ ಬಾಗುತ್ತದೆ. ಥರ್ಮಲ್‌ರೈಟ್ ಮುಂತಾದವರ ಕಾಂಟ್ಯಾಕ್ಟ್ ಫ್ರೇಮ್ ಅಗ್ಗಕ್ಕೆ ಸಿಗುತ್ತದೆ. ದುಬಾರಿ ಬ್ಲಾಕ್‌ಗೆ ಸುರಿಯುವ ದುಡ್ಡಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ತಾಮ್ರವೋ, ನಿಕಲ್ ಲೇಪವೋ?

ತಣ್ಣಗಿಡುವ ಮಟ್ಟಿಗೆ ಎರಡೂ ಒಂದೇ. ನಿಕಲ್ ತಾಮ್ರದಷ್ಟು ಶಾಖ ಸಾಗಿಸುವುದಿಲ್ಲ ನಿಜ, ಆದರೆ ಲೇಪ ಕೆಲವೇ ಮೈಕ್ರಾನ್ ದಪ್ಪ, ಥರ್ಮಾಮೀಟರಿಗೆ ಗೊತ್ತಾಗುವುದಿಲ್ಲ. ಬರೀ ತಾಮ್ರ ಕಾಲಕ್ರಮೇಣ ಕಂದು ತಿರುಗುತ್ತದೆ, ನಿಕಲ್ ಬೆಳ್ಳಗೆ ಉಳಿಯುತ್ತದೆ. ಕಳಪೆ ಲೇಪ ಆದರೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಪಾರದರ್ಶಕ ಮುಚ್ಚಳ ಇದ್ದು ಒಳಗೆ ಕಾಣಬೇಕು ಅಂದರೆ ನಿಕಲ್. ಮುಚ್ಚಿದ ಕಪ್ಪು ಬ್ಲಾಕ್ ಆದರೆ ತಾಮ್ರವೇ ಸಾಕು.

ಥರ್ಮಲ್ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಚ್ಚುವವರಿಗೆ ಮಾತ್ರ ನಿಕಲ್ ಕಡ್ಡಾಯ ಅನ್ನಬಹುದು. ಅದರಲ್ಲಿರುವ ಗ್ಯಾಲಿಯಂ ಬರೀ ತಾಮ್ರದೊಳಕ್ಕೆ ಇಂಗಿ ಕೆಲವು ತಿಂಗಳಲ್ಲಿ ಒಣಗುತ್ತದೆ. ಅಲ್ಯೂಮಿನಿಯಂ ಹತ್ತಿರ ಅದನ್ನು ಬಿಡಲೇಬೇಡಿ, ತಿಂದುಹಾಕುತ್ತದೆ.

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ 40 ಮಿ.ಮೀ. ಅಲ್ಯೂಮಿನಿಯಂ ಬ್ಲಾಕ್ ಸಿಗುತ್ತಲ್ಲ?

ಅದು ಪೆಲ್ಟಿಯರ್ (ಕರೆಂಟ್ ಹರಿಸಿದರೆ ಒಂದು ಮೈ ತಣ್ಣಗಾಗುವ ಬಿಲ್ಲೆ) ಪ್ರಯೋಗಕ್ಕೆ, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ ಬರುವ ಮಾಲು. ಸಾಕೆಟ್ ಬ್ರಾಕೆಟ್ ಇಲ್ಲ, ಒಳಗೆ ಸಣ್ಣ ಫಿನ್ ಇಲ್ಲ, ನಾಲ್ಕು ಅಡ್ಡ ಕಾಲುವೆ ಅಷ್ಟೇ. ಅದಕ್ಕಿಂತ ದೊಡ್ಡ ಸಂಗತಿ ಅಲ್ಯೂಮಿನಿಯಂ. ತಾಮ್ರದ ರೇಡಿಯೇಟರ್ ಇರುವ ಲೂಪ್‌ಗೆ ಅಲ್ಯೂಮಿನಿಯಂ ಸೇರಿಸಿದರೆ ಎರಡು ಲೋಹ, ನಡುವೆ ನೀರು, ಅಂದರೆ ಸಣ್ಣದೊಂದು ಬ್ಯಾಟರಿಯೇ ಆಯಿತು. ಸವೆಯುವುದು ಅಲ್ಯೂಮಿನಿಯಂ. ಬಿಳಿ ಲೋಳೆ ಎದ್ದು ಫಿನ್ ಕಟ್ಟಿಕೊಳ್ಳುತ್ತದೆ, ಕೊನೆಗೆ ತೂತು ಬೀಳುತ್ತದೆ. ಕೂಲಂಟ್‌ನಲ್ಲಿರುವ ರಾಸಾಯನಿಕ ಇದನ್ನು ನಿಧಾನ ಮಾಡುತ್ತದೆ ಹೊರತು ನಿಲ್ಲಿಸುವುದಿಲ್ಲ.

ಇದೇ ಕಾರಣಕ್ಕೆ ಹಳೆಯ ಎಐಒ ಬಿಚ್ಚಿ ಅದರ ರೇಡಿಯೇಟರ್ ಬಳಸುವ ಯೋಚನೆಯನ್ನೂ ಬಿಡಿ. ಅವು ಸಾಮಾನ್ಯವಾಗಿ ಅಲ್ಯೂಮಿನಿಯಂ. ತಾಮ್ರ, ಹಿತ್ತಾಳೆ, ನಿಕಲ್ ಇವು ಒಂದು ಬಳಗ, ಜೊತೆಗೆ ಬಾಳುತ್ತವೆ.

ಮುಚ್ಚಳ ಅಕ್ರಿಲಿಕ್ ಇರಲೋ, ಅಸಿಟಾಲ್ ಇರಲೋ?

ಚೆಂದಕ್ಕೆ ಅಕ್ರಿಲಿಕ್, ಬಾಳಿಕೆಗೆ ಅಸಿಟಾಲ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅಕ್ರಿಲಿಕ್ ಒಳಗೆ ಗಾಳಿಗುಳ್ಳೆ, ಕೊಳೆ ಎಲ್ಲ ಕಾಣುತ್ತದೆ, ಅದೂ ಒಂದು ಅನುಕೂಲವೇ. ಆದರೆ ಫಿಟಿಂಗ್ ಜಾಸ್ತಿ ಬಿಗಿದರೆ ಬಿರುಕು ಬಿಡುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದರೂ ಬಿಡುತ್ತದೆ. ತಾಮ್ರದ ಕೆಳಮೈಯಿಂದ ಪೇಸ್ಟ್ ಒರೆಸಲು ಆಲ್ಕೋಹಾಲ್ ಹಚ್ಚುವಾಗ ಬಟ್ಟೆಗೆ ಹಚ್ಚಿಕೊಂಡು ಒರೆಸಿ, ಬ್ಲಾಕ್ ಮೇಲೆ ನೇರ ಸುರಿಯಬೇಡಿ.

ದುಬಾರಿ ಬ್ಲಾಕ್‌ಗೂ ಅಗ್ಗದ ಬ್ಲಾಕ್‌ಗೂ ಎಷ್ಟು ವ್ಯತ್ಯಾಸ?

ಸಿಪಿಯುನಲ್ಲಿ ಹೆಸರಾಂತ ಬ್ಲಾಕ್‌ಗಳ ನಡುವೆ ಎರಡು ಮೂರು ಡಿಗ್ರಿ. ಹೆಚ್ಚು ಕೊಟ್ಟಿದ್ದಕ್ಕೆ ಸಿಗುವುದು ನೇರವಾಗಿ ಕೂರುವ ಬ್ರಾಕೆಟ್, ಒಳ್ಳೆಯ ಓ-ರಿಂಗ್, ಅರ್ಥವಾಗುವ ಮ್ಯಾನ್ಯುಯಲ್, ಐದು ವರ್ಷ ಬಿಟ್ಟು ಬ್ರಾಕೆಟ್ ಕೇಳಿದರೆ ಸಿಗುವ ಭರವಸೆ. ಜರ್ಮನಿಯ ವಾಟರ್‌ಕೂಲ್, ಅಕ್ವಾ ಕಂಪ್ಯೂಟರ್ ಈ ವಿಷಯದಲ್ಲಿ ಹೆಸರು ಮಾಡಿವೆ. ಚೀನಾದ ಬೈಕ್ಸ್‌ಕಿ, ಬ್ಯಾರೋ ಕೈಗೆಟಕುವ ಬೆಲೆಗೆ ಚೆನ್ನಾಗಿಯೇ ಮಾಡುತ್ತವೆ. ಬಜೆಟ್ ಬಿಗಿ ಇದ್ದರೆ ಅಗ್ಗದ ತಾಮ್ರದ ಬ್ಲಾಕ್ ತಗೊಂಡು, ಉಳಿದದ್ದನ್ನು ಇನ್ನೊಂದು ರೇಡಿಯೇಟರಿಗೆ ಹಾಕಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಐಒ ಸಲೀಸಾಗಿ ಸಿಗುತ್ತದೆ. ಕಸ್ಟಮ್ ಬ್ಲಾಕ್, ಅದರಲ್ಲೂ ಜಿಪಿಯು ಬ್ಲಾಕ್ ಬೇಕೆಂದರೆ ಸಾಮಾನ್ಯವಾಗಿ ತರಿಸಿಕೊಳ್ಳುವುದೇ ದಾರಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಸೇರಿಸಿ ಲೆಕ್ಕ ಹಾಕಿ. ತಪ್ಪು ಮಾಡೆಲ್ ಬಂದರೆ ವಾಪಸ್ ಕಳಿಸುವ ಖರ್ಚು ಬ್ಲಾಕ್‌ನ ಬೆಲೆಗೇ ಸಮ ಆಗಬಹುದು. ಮೇಲೆ ಪಟ್ಟಿ ತಾಳೆ ನೋಡಿ ಅಂತ ಅಷ್ಟು ಹೇಳಿದ್ದು ಅದಕ್ಕೇ.

ಫಿಟಿಂಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ತರಬಹುದೇ?

ಬೇಡ. ಬ್ಲಾಕ್‌ಗಳ ಮರೆ (ಥ್ರೆಡ್) ಹೆಚ್ಚುಕಡಿಮೆ ಎಲ್ಲ ಕಡೆ ಜಿ 1/4, ಅಂದರೆ ಕಾಲಿಂಚಿನ ನೇರ ಮರೆ. ಪೈಪ್ ಅಂಗಡಿಯ ಕಾಲಿಂಚು ಫಿಟಿಂಗ್ ಬಹಳ ಸಲ ತುದಿ ಕಿರಿದಾದದ್ದು. ತಿರುಗಿಸುತ್ತ ಹೋದ ಹಾಗೆ ಬೆಣೆ ಹೊಡೆದಂತೆ ಅಕ್ರಿಲಿಕ್ ಸೀಳುತ್ತದೆ. ಅದಕ್ಕೆ ಓ-ರಿಂಗ್ ಕೂಡ ಇರುವುದಿಲ್ಲ. ಕಂಪ್ಯೂಟರ್ ಫಿಟಿಂಗನ್ನು ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಬೇಡಿ, ಟೆಫ್ಲಾನ್ ಟೇಪ್ ಸುತ್ತಬೇಡಿ.

ಟ್ಯೂಬಿನ ಅಳತೆ ಬ್ಲಾಕ್‌ಗೆ ಸಂಬಂಧಿಸಿದ್ದಲ್ಲ, ಫಿಟಿಂಗ್‌ಗೆ. ಮೊದಲ ಸಲ ಆದರೆ 10/13 ಅಥವಾ 10/16 (ಒಳ ಮತ್ತು ಹೊರ ವ್ಯಾಸ, ಮಿ.ಮೀ.ನಲ್ಲಿ) ಮೆದು ಟ್ಯೂಬ್ ಸಾಕು.

ಮೊದಲು ಸಿಪಿಯುಗೋ, ಜಿಪಿಯುಗೋ ನೀರು ಹೋಗಬೇಕು?

ಯಾವುದಾದರೂ ಸರಿ. 500 ವ್ಯಾಟ್ ಶಾಖ, ನಿಮಿಷಕ್ಕೆ ನಾಲ್ಕು ಲೀಟರ್ ಹರಿವು ಅಂದುಕೊಳ್ಳಿ. ಇಡೀ ಲೂಪ್ ಸುತ್ತಿ ಬಂದ ನೀರು ಬಿಸಿಯಾಗುವುದು ಎರಡು ಡಿಗ್ರಿಗೂ ಕಡಿಮೆ. ಟ್ಯೂಬ್ ಎಲ್ಲಿ ನೆಟ್ಟಗೆ ಹೋಗುತ್ತದೋ ಆ ಕ್ರಮ ಇಟ್ಟುಕೊಳ್ಳಿ. ಪಂಪಿಗೆ ಮೊದಲು ರಿಸರ್ವಾಯರ್ (ನೀರಿನ ತೊಟ್ಟಿ) ಇರಲೇಬೇಕು, ನಿಯಮ ಅದೊಂದೇ. ಡಿ5 ಅನ್ನುವ ಮಾದರಿಯ ಪಂಪ್ ಒಂದಿದ್ದರೆ ಎರಡು ಬ್ಲಾಕ್, ಎರಡು ರೇಡಿಯೇಟರ್ ಆರಾಮವಾಗಿ ಎಳೆಯುತ್ತದೆ.

ನಮ್ಮದು ಕಲಬುರಗಿ. ಬೇಸಿಗೆಯಲ್ಲಿ ರೂಮೇ 40 ಡಿಗ್ರಿ. ಒಳ್ಳೆಯ ಬ್ಲಾಕ್ ಹಾಕಿದರೆ ಪಾರಾಗುತ್ತೇವಾ?

ಬ್ಲಾಕ್‌ನಿಂದ ಇದಕ್ಕೆ ಪರಿಹಾರ ಇಲ್ಲ. ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗುವುದು ಸಾಧ್ಯವೇ ಇಲ್ಲ. ಹಾಗಾಗಿ ಬ್ಲಾಕ್ ಹೊರಮೈ ಬೆವರುವ ಭಯವೂ ಇಲ್ಲ. ಚೆನ್ನಾಗಿ ಲೆಕ್ಕ ಹಾಕಿ ಮಾಡಿದ ಲೂಪ್‌ನಲ್ಲೂ ನೀರು ಗಾಳಿಗಿಂತ ಹತ್ತು ಡಿಗ್ರಿ ಮೇಲಿರುತ್ತದೆ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ ಅದು 37. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದೆ 50 ದಾಟುತ್ತದೆ. ಡಿ5 ಪಂಪಿನ ಮಿತಿ 60 ಡಿಗ್ರಿ, ಪಿಇಟಿಜಿ ಗಟ್ಟಿ ಟ್ಯೂಬ್ ಕೂಡ ಆ ಹೊತ್ತಿಗೆ ಮೆತ್ತಗಾಗಿ ಫಿಟಿಂಗ್‌ನಿಂದ ಜಾರಲು ತಯಾರಾಗಿರುತ್ತದೆ.

ಅಲ್ಲಿನವರಿಗೆ ನನ್ನ ಸಲಹೆ: ಪಿಇಟಿಜಿ ಬಿಟ್ಟು ಮೆದು ಟ್ಯೂಬ್ ಹಾಕಿ. ಪ್ರತಿ 100 ವ್ಯಾಟಿಗೆ ಒಂದು 120 ಮಿ.ಮೀ. ರೇಡಿಯೇಟರ್ ಭಾಗ ಅನ್ನುವ ಲೆಕ್ಕಕ್ಕಿಂತ ಜಾಸ್ತಿಯೇ ಇಡಿ. 575 ವ್ಯಾಟಿನ ಆರ್‌ಟಿಎಕ್ಸ್ 5090 ತರುವ ಮನಸ್ಸಿದ್ದರೆ ರೇಡಿಯೇಟರ್ ಜೊತೆ ಎಸಿಗೂ ದುಡ್ಡು ಎತ್ತಿಡಿ, ಯಾಕೆಂದರೆ ಅಷ್ಟೂ ಶಾಖ ಬಂದು ಬೀಳುವುದು ನೀವು ಕೂತಿರುವ ಕೋಣೆಗೇ.

ಮೊನೊಬ್ಲಾಕ್, ರ‍್ಯಾಮ್ ಬ್ಲಾಕ್, ಎಸ್‌ಎಸ್‌ಡಿ ಬ್ಲಾಕ್?

ಸಿಪಿಯು ಜೊತೆ ಬೋರ್ಡಿನ ವಿಆರ್‌ಎಂ ಕೂಡ ಮುಚ್ಚುವ ಮೊನೊಬ್ಲಾಕ್ ಒಂದೇ ಮದರ್‌ಬೋರ್ಡಿಗೆ ಹೊಲಿದದ್ದು, ಬೋರ್ಡ್ ಬದಲಾದರೆ ಅದು ಪೇಪರ್‌ವೇಟ್. ಉಳಿದೆರಡು ಚೆಂದಕ್ಕೆ.

ನಲ್ಲಿ ನೀರು ಹಾಕಬಹುದೇ? ಆರ್‌ಒ ನೀರು?

ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಅದೇ ಸುಣ್ಣ ಕಾಲು ಮಿಲಿಮೀಟರಿನ ಫಿನ್ ಸಂದಿನಲ್ಲೂ ಕಟ್ಟುತ್ತದೆ. ಕಾವೇರಿ ನೀರಿನಲ್ಲೂ ಲವಣ, ಕ್ಲೋರಿನ್ ಇದ್ದೇ ಇವೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಪೂರ್ತಿ ಹೋಗಿರುವುದಿಲ್ಲ. ಡಿಸ್ಟಿಲ್ಡ್ ವಾಟರ್‌ಗೆ ಕಾನ್ಸಂಟ್ರೇಟ್ ಬೆರೆಸಿ, ಅಥವಾ ಸಿದ್ಧ ಕೂಲಂಟ್ ತನ್ನಿ. ಹಾಲಿನಂತೆ ಮಸುಕಾದ ಪೇಸ್ಟಲ್ ಬಣ್ಣದ ಕೂಲಂಟ್ ಫೋಟೊದಲ್ಲಿ ಮಾತ್ರ ಚೆಂದ. ಅದರಲ್ಲಿರುವ ಕಣಗಳು ಫಿನ್‌ಗಳಲ್ಲೇ ತಂಗುತ್ತವೆ. ತಿಳಿ ಕೂಲಂಟ್ ಹಾಕಿ ಬಣ್ಣದ ಟ್ಯೂಬ್ ಬಳಸಿ, ಎರಡೂ ಆಸೆ ತೀರುತ್ತದೆ.

ಸೋರಿದರೆ?

ಮೊದಲ ದಿನವೇ ಪತ್ತೆ ಮಾಡಬೇಕು. ನೀರು ತುಂಬುವ ಮೊದಲು ಕೈಪಂಪಿನ ಲೀಕ್ ಟೆಸ್ಟರ್‌ನಿಂದ ಅರ್ಧ ಬಾರ್ ಗಾಳಿ ಒತ್ತಿ, ಅರ್ಧ ಗಂಟೆ ಮುಳ್ಳು ಇಳಿಯದಿದ್ದರೆ ಸರಿ. ನೀರು ತುಂಬಿದ ಮೇಲೆ ಬೋರ್ಡಿಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಿ, ಫಿಟಿಂಗ್ ಕೆಳಗೆ ಟಿಶ್ಯೂ ಇಟ್ಟು ನೋಡಿ. ಕರೆಂಟ್ ಹೋದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಪಂಪ್, ಪ್ರೊಸೆಸರ್ ಎರಡೂ ಒಟ್ಟಿಗೆ ನಿಲ್ಲುತ್ತವೆ, ಬ್ಲಾಕ್‌ಗೆ ಏನೂ ಆಗುವುದಿಲ್ಲ.

ಬ್ಲಾಕ್ ತೊಳೆಯುವುದು ಹೇಗೆ? ಹುಣಸೆಹಣ್ಣು ನಡೆಯುತ್ತಾ?

ವರ್ಷಕ್ಕೊಮ್ಮೆ ಕೂಲಂಟ್ ಬದಲಿಸುವಾಗ ಬ್ಲಾಕ್ ಬಿಚ್ಚಿ. ಜೆಟ್ ಪ್ಲೇಟ್ ಯಾವ ಮುಖ ಮೇಲಿತ್ತು ಎಂದು ಮೊದಲು ಫೋಟೊ ತೆಗೆದಿಡಿ. ಫಿನ್ ನಡುವೆ ಬೂದುಬಣ್ಣದ ಜಿಗುಟು ಕಂಡರೆ ಅದು ಬಹುಮಟ್ಟಿಗೆ ಮೆದು ಪಿವಿಸಿ ಟ್ಯೂಬ್ ಬಿಟ್ಟ ಪ್ಲಾಸ್ಟಿಸೈಸರ್. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಪಾತ್ರೆ ಸೋಪು ಹಾಕಿ, ಫಿನ್ ಉದ್ದಕ್ಕೆ ಮಾತ್ರ ಉಜ್ಜಿ. ಇಪಿಡಿಎಂ ರಬ್ಬರ್ ಟ್ಯೂಬಿಗೆ ಬದಲಾದರೆ ಈ ಕಾಟ ತಪ್ಪುತ್ತದೆ.

ಬರೀ ತಾಮ್ರಕ್ಕೆ ಹುಣಸೆಹಣ್ಣಿನ ತಿಳಿರಸ ಖಂಡಿತ ನಡೆಯುತ್ತದೆ, ಚೊಂಬು ಬೆಳಗುವ ಅದೇ ಆಮ್ಲ ಇಲ್ಲೂ ಕಿಲುಬು ಬಿಡಿಸುತ್ತದೆ. ನಾರು ಉಳಿಯದಂತೆ ಸೋಸಿಕೊಳ್ಳಿ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಜಾಲಿಸಿ. ನಿಕಲ್ ಲೇಪಕ್ಕೆ ಹುಣಸೆ, ನಿಂಬೆ, ವಿನೆಗರ್ ಯಾವುದೂ ಬೇಡ. ಕಂದು ಬಣ್ಣ ಮಾತ್ರ ಇದ್ದು ಫಿನ್ ಖಾಲಿ ಇದ್ದರೆ ಹಾಗೇ ಬಿಡಿ, ಬಣ್ಣದಿಂದ ತಾಪಮಾನ ಏರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬ್ಲಾಕ್ ತಗೊಳ್ಳಬಹುದೇ?

ಧಾರಾಳವಾಗಿ. ಇದರಲ್ಲಿ ತಿರುಗುವ, ಸುಟ್ಟುಹೋಗುವ ಭಾಗವೇ ಇಲ್ಲ. ಮಾರುವವರಿಂದ ನಾಲ್ಕು ಫೋಟೊ ಕೇಳಿ: ಫಿನ್‌ಗಳ ಹತ್ತಿರದ ನೋಟ, ತಾಮ್ರದ ಕೆಳಮೈ, ಮರೆಗಳ ಸುತ್ತ ಬಿರುಕು ಇದೆಯೇ ಎಂದು ಕಾಣುವಂತೆ ಮುಚ್ಚಳ, ಸ್ಕ್ರೂ ಮತ್ತು ಬ್ರಾಕೆಟ್ ಎಲ್ಲ ಹರಡಿಟ್ಟದ್ದು. ಜಿಪಿಯು ಬ್ಲಾಕ್ ಆದರೆ ಸ್ಕ್ರೂ ಒಂದೂ ಕಳೆದಿರಬಾರದು, ಆ ಅಳತೆಯ ಸ್ಕ್ರೂ ಬಿಡಿಯಾಗಿ ಸಿಗುವುದು ಕಷ್ಟ. ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿಸಿ, ಪ್ಯಾಡ್ ಹೇಗೂ ಹೊಸದೇ ಬೇಕು.